ಸುಣ್ಣದ ಚೀಲಗಳ ಲೆಕ್ಕ

2015ನೆಯ ಇಸವಿಯ ಮಾತು. ವರ್ತೂರು ಕೆರೆಯ ಕೋಡಿಯಲ್ಲಿ ಎದ್ದ ನೊರೆ ಗಾಳಿಗೆ ಹಾರಿ ರಸ್ತೆಯಲ್ಲಿ ಹೋಗುವವರ ಮೈಮೇಲೆ ಬೀಳುತ್ತಿದ್ದ ಕಾಲ. ಮಾರತ್ತಹಳ್ಳಿಯ ನಮ್ಮ ಮನೆಯಿಂದ ಬಂಧುಗಳ ಗೃಹಪ್ರವೇಶಕ್ಕೆಂದು ಆ ದಾರಿಯಲ್ಲಿ ಹೊರಟಿದ್ದೆವು. ನಮ್ಮ ಮನೆಯವರು ಸೆರಗಿನಿಂದ ಮೂಗು ಮುಚ್ಚಿಕೊಂಡು, “ಇದರಲ್ಲಿ ನಿಮ್ಮ ಕಾರ್ಖಾನೆಯ ಪಾಲೂ ಇದೆಯೇನ್ರಿ?” ಎಂದು ಕೇಳಿದರು. “ಇಲ್ಲ” ಎಂದುಬಿಟ್ಟೆವು.

ಆ ಉತ್ತರ ಪೂರ್ತಿ ಸುಳ್ಳೇನೂ ಅಲ್ಲ. ಬೆಳ್ಳಂದೂರು ಮತ್ತು ವರ್ತೂರು ಕೆರೆಗಳ ನೊರೆಗೆ ಮುಖ್ಯ ಕಾರಣ ಸಂಸ್ಕರಣೆಯಾಗದೆ ಹರಿದುಬರುವ ಊರಿನ ಕೊಳಚೆ ನೀರು, ಮತ್ತು ಅದರೊಡನೆ ಬರುವ ಬಟ್ಟೆ ಒಗೆಯುವ ಪುಡಿಯ ಅಂಶ. ಅಂದರೆ ನಮ್ಮ ನಿಮ್ಮೆಲ್ಲರ ಬಚ್ಚಲಿನ ನೀರು. ಆದರೆ ಕೇಳಿದ ಪ್ರಶ್ನೆ ಬಚ್ಚಲಿನದಾಗಿರಲಿಲ್ಲ. ಅಂದು ಊಟದ ಪಂಕ್ತಿಯಲ್ಲಿ ಕುಳಿತಾಗಲೂ ಆ “ಇಲ್ಲ” ಎಂಬ ಮಾತು ನಮ್ಮ ಗಂಟಲಲ್ಲೇ ಉಳಿದಿತ್ತು.

ನಾವು ಆಗ ವಾಹನದ ಬಿಡಿಭಾಗಗಳಿಗೆ ಕ್ರೋಮಿಯಂ ಲೇಪ ಕೊಡುವ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದ ಮುಖ್ಯಸ್ಥರಾಗಿದ್ದೆವು. ಲೇಪವಾದ ಭಾಗಗಳನ್ನು ತೊಳೆದ ನೀರು ಹಳದಿ ಬಣ್ಣದ್ದು. ಅದರಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ವಿಷಕಾರಿ. ಕಾರ್ಖಾನೆಯಿಂದ ಹೊರಬೀಳುವ ನೀರಿನಲ್ಲಿ ಅದು ಲೀಟರಿಗೆ 0.1 ಮಿಲಿಗ್ರಾಮನ್ನು ಮೀರಕೂಡದೆಂಬುದು ನಿಯಮ. ಇಟಿಪಿ ಎಂದು ಎಲ್ಲರೂ ಕರೆಯುವ ಸಂಸ್ಕರಣ ಘಟಕದಲ್ಲಿ ಆ ನೀರಿಗೆ ಮೊದಲು ಆಮ್ಲ ಸೇರಿಸಿ, ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ ವಿಷವನ್ನು ತಗ್ಗಿಸುತ್ತಾರೆ. ಬಳಿಕ ಸುಣ್ಣ ಬೆರೆಸಿದರೆ ಕ್ರೋಮಿಯಂ ಕೆಸರಾಗಿ ತಳಕ್ಕಿಳಿಯುತ್ತದೆ. ಆ ಕೆಸರೂ ಅಪಾಯಕಾರಿಯೇ. ಅದನ್ನು 90 ದಿನಗಳೊಳಗೆ ಅಧಿಕೃತ ವಿಲೇವಾರಿ ಸ್ಥಳಕ್ಕೆ ಕಳುಹಿಸಿ ರಸೀದಿ ಇಟ್ಟುಕೊಳ್ಳಬೇಕು. ಈ ಕೆಲಸಕ್ಕೆಲ್ಲ ಹಣ ಬೇಕು. ಅದರಿಂದ ಒಂದು ಕಾಸಿನ ಆದಾಯವೂ ಇಲ್ಲ.

ಹಿಂದಿನ ವರ್ಷ ಖರ್ಚು ತಗ್ಗಿಸಬೇಕೆಂಬ ಆದೇಶ ಬಂದಿತ್ತು. ನಾವು ಪಟ್ಟಿಯ ಮೇಲೆ ಕೆಂಪು ಶಾಯಿಯಲ್ಲಿ ಗೀರೆಳೆಯುತ್ತ ಹೋದೆವು. ಇಟಿಪಿಯ ಸುಣ್ಣ ತಿಂಗಳಿಗೆ ನಲವತ್ತು ಚೀಲವಿದ್ದುದು ಇಪ್ಪತ್ತೈದಾಯಿತು. ವರ್ಷಾಂತ್ಯದ ಸಭೆಯಲ್ಲಿ ನಮಗೆ ಪ್ರಶಂಸೆಯೂ ದೊರೆಯಿತು.

ಗೃಹಪ್ರವೇಶದ ಮರುದಿನ ನಾವು ಘಟಕದ ಕಡೆಗೆ ಹೋದೆವು. ಹೇಳಲು ನಾಚಿಕೆಯಾಗುತ್ತದೆ, ಒಂಬತ್ತು ವರ್ಷಗಳ ನೌಕರಿಯಲ್ಲಿ ಅದೇ ಮೊದಲ ಸಲ. ಅಲ್ಲಿನ ನಿರ್ವಾಹಕ ಎದ್ದು ನಿಂತು, “ಸಾರ್, ನಲವತ್ತು ಚೀಲದ ಕೆಲಸಾನ ಇಪ್ಪತ್ತೈದರಲ್ಲಿ ಹೇಗೆ ಮಾಡ್ಲಿ? ಹಗಲು ಪಾಳಿ ನೀರಿಗೆ ಸರಿಹೋಗತ್ತೆ. ರಾತ್ರಿ ಪಾಳಿದು...” ಎಂದು ಮಾತು ನಿಲ್ಲಿಸಿದ. ಮುಂದಿನದನ್ನು ನಾವೂ ಕೇಳಲಿಲ್ಲ. ಗೋಡೆಯಾಚೆಗೆ ಕಾಲುವೆ ಹರಿಯುತ್ತಿತ್ತು.

ಕಾಗದಪತ್ರಗಳಿಗೆ ಮಾತ್ರ ನಮ್ಮಲ್ಲಿ ಕೊರತೆಯಿರಲಿಲ್ಲ. 1974ರ ಜಲ ಕಾಯಿದೆಯಂತೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ಚೌಕಟ್ಟಿನೊಳಗೆ ತೂಗುತ್ತಿತ್ತು. ಐಎಸ್‌ಒ 14001 ಪ್ರಮಾಣಪತ್ರ ಅದರ ಪಕ್ಕದಲ್ಲಿತ್ತು. ಸೆಪ್ಟೆಂಬರ್ 30ರೊಳಗೆ ಸಲ್ಲಿಸಬೇಕಾದ ವಾರ್ಷಿಕ ಪರಿಸರ ಹೇಳಿಕೆಯನ್ನು ಒಂದು ವರ್ಷವೂ ತಪ್ಪಿಸಿದವರಲ್ಲ. 2013ರ ಕಂಪನಿ ಕಾಯಿದೆಯ 166ನೆಯ ಪ್ರಕರಣವು ಪರಿಸರದ ರಕ್ಷಣೆಯನ್ನು ನಿರ್ದೇಶಕರ ಕರ್ತವ್ಯಗಳಲ್ಲೇ ಸೇರಿಸಿದೆ. ಆದರೂ ಸುಣ್ಣದ ಚೀಲದ ವಿಷಯ ಯಾವ ನಿರ್ದೇಶಕರ ಮೇಜಿಗೂ ಬಂದಿರಲಿಲ್ಲ. ಅದನ್ನು ನಿರ್ಧರಿಸಿದವರು ನಾವು, ಘಟಕವನ್ನು ಕಣ್ಣಿಂದ ಕಂಡಿರದ ಲೆಕ್ಕಿಗರು! 1984ರಲ್ಲಿ ಭೋಪಾಲದ ಕಾರ್ಖಾನೆಯಲ್ಲಿಯೂ ವಿಷಾನಿಲದ ತೊಟ್ಟಿಗಳನ್ನು ತಂಪಾಗಿಡುವ ಯಂತ್ರವನ್ನು ದುರಂತಕ್ಕೆ ಕೆಲವು ತಿಂಗಳ ಮೊದಲೇ ನಿಲ್ಲಿಸಿದ್ದರೆಂಬುದನ್ನು ಓದಿದಾಗ ನಮಗೆ ಆ ಕೆಂಪು ಶಾಯಿ ನೆನಪಾಯಿತು.

ವ್ಯವಸ್ಥಾಪಕ ನಿರ್ದೇಶಕರ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆವು. ನೌಕರಿ ಹೋಗಬಹುದೆಂಬ ಭಯವಿತ್ತು; ಮಗಳ ಮದುವೆ ಬೇರೆ ನಿಶ್ಚಯವಾಗಿತ್ತು. ಹಿರಿಯರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ರಾತ್ರಿ ಲೇಪದ ಸಾಲನ್ನು ನಿಲ್ಲಿಸುವ ಅಧಿಕಾರ ಯಾರಿಗಿದೆ?” ಎಂದರು. ಯಾರಿಗೂ ಇರಲಿಲ್ಲ. ಉತ್ಪಾದನೆಯ ಮುಖ್ಯಸ್ಥರಿಗಿತ್ತೆನ್ನಿ, ಆದರೆ ಅವರು ಆ ವೇಳೆಗೆ ಮನೆಯಲ್ಲಿ ನಿದ್ರಿಸುತ್ತಿದ್ದರು.

ಮುಂದಿನ ತಿಂಗಳಿನಿಂದ ಆ ಅಧಿಕಾರ ಘಟಕದ ನಿರ್ವಾಹಕನದಾಯಿತು. ಘಟಕಕ್ಕೆ ಬೇರೆಯೇ ವಿದ್ಯುತ್ ಮೀಟರು ಬಂದಿತು. ಎಷ್ಟು ಭಾಗಗಳಿಗೆ ಲೇಪವಾಯಿತು, ಎಷ್ಟು ಸುಣ್ಣ ಖರ್ಚಾಯಿತು, ಮೀಟರು ಎಷ್ಟು ಓಡಿತು, ಎಷ್ಟು ಕೆಸರು ಹೊರಗೆ ಹೋಯಿತು ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದು ನಿರ್ದೇಶಕ ಮಂಡಳಿಯ ಮುಂದಿಡಬೇಕೆಂದು ನಿರ್ಣಯವಾಯಿತು. ನೀರಿನ ಮಾದರಿಯನ್ನು ಪರೀಕ್ಷೆಯ ದಿನಕ್ಕೆ ಸಿಂಗರಿಸಿ ಕೊಡಬಹುದು. ಈ ನಾಲ್ಕು ಅಂಕಿಗಳು ಒಂದಕ್ಕೊಂದು ಹೊಂದುವಂತೆ ತಿಂಗಳುಗಟ್ಟಲೆ ಸುಳ್ಳು ಬರೆಯುವುದು ಲೆಕ್ಕಿಗನಿಗೂ ಕಷ್ಟ. ಇದು ನಮ್ಮ ಸ್ವಂತ ಅನುಭವದ ಮಾತು.

2017ರ ಏಪ್ರಿಲಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಬೆಳ್ಳಂದೂರು ಕೆರೆಯ ಸುತ್ತಲಿನ ಕೈಗಾರಿಕೆಗಳನ್ನು ಮುಚ್ಚಿಸಲು ಆದೇಶಿಸಿದಾಗ ನಮ್ಮ ಭಾಗದ ಎಷ್ಟೋ ಕಾರ್ಖಾನೆಗಳಲ್ಲಿ ಅವಸರದಿಂದ ಕಡತ ಹುಡುಕುವ ಗದ್ದಲವೆದ್ದಿತು. ನಮ್ಮಲ್ಲಿ ಹಾಳೆಗಳು ಸಿದ್ಧವಾಗಿದ್ದವು.

ನಿರ್ವಾಹಕನು ತನ್ನ ಅಧಿಕಾರವನ್ನು ಮೊದಲ ಸಲ ಬಳಸಿದ್ದು ಒಂದು ಮಳೆಯ ರಾತ್ರಿ. ಮೆಟಾಬೈಸಲ್ಫೈಟ್ ಮುಗಿದುಹೋಗಿತ್ತು, ಲೇಪದ ಸಾಲನ್ನು ನಾಲ್ಕು ಗಂಟೆ ನಿಲ್ಲಿಸಿಬಿಟ್ಟ. ಗಿರಾಕಿಗೆ ಸರಕು ಒಂದು ದಿನ ತಡವಾಯಿತು. ಮಾರಾಟ ವಿಭಾಗದವರು ಸಭೆಯಲ್ಲಿ ಕೆಂಡವಾದರು. ಹಿರಿಯರು ದಾಖಲೆ ಪುಸ್ತಕ ತರಿಸಿ ನೋಡಿ, ಸಾಲು ಏಕೆ ನಿಂತಿತೆಂದು ಕೇಳಲೇ ಇಲ್ಲ. ಮೆಟಾಬೈಸಲ್ಫೈಟ್ ಏಕೆ ಮುಗಿದಿತ್ತು ಎಂದು ಕೇಳಿದರು.

ಅದರ ಖರೀದಿ ಚೀಟಿ ಮೂರು ದಿನಗಳಿಂದ ನಮ್ಮ ಮೇಜಿನ ಮೇಲೆ ರುಜುವಿಗೆ ಕಾದು ಬಿದ್ದಿತ್ತು. ಎದ್ದು ನಿಂತು ಹಾಗೆಯೇ ಹೇಳಿದೆವು.