ತಂತಿಯ ಮೇಲಣ ಗುಪ್ತಪದ

1990ರ ದಶಕದ ಕೊನೆಯಲ್ಲಿ, ನಾವು ಕಾಲೇಜು ವಿದ್ಯಾರ್ಥಿನಿಯರಾಗಿದ್ದಾಗ, ಯೂನಿಕ್ಸ್ ಯಂತ್ರವನ್ನು ಟೆಲಿಫೋನಿನ ಮೂಲಕ ಅಂತರ್ಜಾಲಕ್ಕೆ ಸೇರಿಸಲು ಒಂದು ಸಂಭಾಷಣೆಯನ್ನು ಮುಂಚಿತವಾಗಿ ಬರೆದಿಡಬೇಕಾಗಿತ್ತು. ಮೋಡೆಮಿನ ಕರೆಗೆ ಆಚೆಯ ಯಂತ್ರವು ‘ಲಾಗಿನ್’ ಎಂದು ಕೇಳುವುದು. ಈಚೆಯದು ಹೆಸರನ್ನೂ ಗುಪ್ತಪದವನ್ನೂ ಒಪ್ಪಿಸುವುದು. ಆ ಪ್ರಶ್ನೆಯ ಮೊದಲಕ್ಷರವು ದೊಡ್ಡದೋ ಚಿಕ್ಕದೋ ತಿಳಿಯದಾದ್ದರಿಂದ, ಅನುಭವಸ್ಥರು ಅದನ್ನು ಕೈಬಿಟ್ಟು ಉಳಿದವುಗಳಿಗೆ ಮಾತ್ರ ಕಾಯುವಂತೆ ಬರೆಯುತ್ತಿದ್ದರು. (ಕಾಪಿ ತಿದ್ದುವ ಉಪಾಧ್ಯಾಯಿನಿಯರು ಕ್ಷಮಿಸಬೇಕು!) ನಮಗಾದರೋ ಭಯವಿದ್ದುದು ಗುಪ್ತಪದದ ವಿಷಯದಲ್ಲಿ. ಹಲವರು ಬಳಸುವ ಯಂತ್ರದಲ್ಲಿ ಅದನ್ನು ಬರೆದಿಟ್ಟ ಕಡತವು ತೆರೆದಿದ್ದರೆ, ತಂದೆತಾಯಿಗಳು ಹಣ ತೆತ್ತು ಪಡೆದ ಗಂಟೆಗಳನ್ನು ಪರರು ಬಳಸಿ ಮುಗಿಸಿಯಾರು. ಆದಕಾರಣ ಒಡೆಯರ ಹೊರತು ಮತ್ತಾರೂ ಓದದಂತೆ 600 ಎಂಬ ಅಂಕೆಯ ಬೀಗವನ್ನು ಹಾಕತಕ್ಕದ್ದು. ಪಿಪಿಪಿಯೊಡನೆ ಬಳಸುವ ಚಾಪ್ ಎಂಬ ಕ್ರಮದಲ್ಲಿ ಗುಪ್ತಪದವು ತಂತಿಯ ಮೇಲೆ ಹೋಗುವುದೇ ಇಲ್ಲ. ಕಡತದಲ್ಲಿ ಮಾತ್ರ ಇದ್ದೇ ಇರುವುದು.