ಉಳಿದದ್ದು ಒಂದೇ ದಂಡೆ

ಘಟ್ಟ ಇಳಿದು ಕಾರವಾರಕ್ಕೆ ಬಂದವರು ಸಮುದ್ರ ಎಲ್ಲಿದೆಯೆಂದು ಯಾರನ್ನೂ ಕೇಳಬೇಕಾಗಿಲ್ಲ. ಪೇಟೆ ಮುಗಿಯಿತು, ಹೆದ್ದಾರಿ ದಾಟಿದರೆ ಮರಳು! ಉತ್ತರಕ್ಕೆ ಕಾಳಿ ನದಿ ಕಡಲು ಸೇರುವ ಸಂಗಮ, ದಕ್ಷಿಣಕ್ಕೆ ಬೈತಖೋಲದ ಗುಡ್ಡ, ಬಂದರು. ನಡುವೆ ಬಿಲ್ಲಿನಂತೆ ಬಾಗಿದ ದಂಡೆ. ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ 1883ರಲ್ಲಿ ಬಂದ ಇಪ್ಪತ್ತೆರಡರ ತರುಣ ರವೀಂದ್ರನಾಥ ಠಾಗೋರ್ ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು ಈ ಊರಿನಲ್ಲೇ. ದಂಡೆಗೆ ಈಗ ಅವರದೇ ಹೆಸರು.

ಠಾಗೋರರ ಕಾಲದ ಏಕಾಂತವನ್ನು ಮಾತ್ರ ಇಲ್ಲಿ ಹುಡುಕಬಾರದು. ಒಂದು ಬದಿಗೆ 2006ರಿಂದ ವಸ್ತುಸಂಗ್ರಹಾಲಯವಾಗಿ ನಿಂತಿರುವ ‘ಚಪಲ್’ ಕ್ಷಿಪಣಿ ನೌಕೆ. ಅದರ ಸುತ್ತ ಪ್ರವಾಸಿಗರು, ಮಕ್ಕಳ ಗಲಾಟೆ. ಇನ್ನೊಂದು ಬದಿಗೆ ಮೀನುಗಾರರ ದೋಣಿ, ಬಲೆ. ಎಲ್ಲರೂ ಇಲ್ಲಿಗೇ ಏಕೆ ಬರಬೇಕು? ಕಾರಣ ಇಲ್ಲಿಂದ ದಕ್ಷಿಣಕ್ಕಿದೆ.

ಸೀಬರ್ಡ್ ನೌಕಾನೆಲೆಗೆ ಪ್ರಧಾನಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದ್ದು 1986ರ ಅಕ್ಟೋಬರ್‌ನಲ್ಲಿ. ಅದಕ್ಕಾಗಿ 13 ಹಳ್ಳಿಗಳ ಜನ ಮನೆ, ಗದ್ದೆ, ಕಡಲು ಬಿಟ್ಟು ಎದ್ದರು. 2005ರ ಮೇ ತಿಂಗಳಲ್ಲಿ ‘ಕದಂಬ’ ನೆಲೆ ಕಾರ್ಯಾರಂಭ ಮಾಡಿತು. ದೇಶರಕ್ಷಣೆಯ ಕೆಲಸ, ಬೇಲಿ ಬೇಕೇ ಬೇಕು. ಆದರೆ ಅರಗಾದಿಂದ ಮುಂದೆ ಜನ ಇಳಿಯುತ್ತಿದ್ದ ದಂಡೆಗಳೂ ಆ ಬೇಲಿಯ ಒಳಗೇ ಹೋದವು.

ಕಾನೂನು ಇರಲಿಲ್ಲವೆಂದಲ್ಲ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಉಬ್ಬರದ ಗೆರೆಯಿಂದ 500 ಮೀಟರಿನವರೆಗೆ ಕಟ್ಟಡಗಳಿಗೆ ಕಡಿವಾಣ ಹಾಕಿತು. ಎರಡು ರೆಸಾರ್ಟ್‌ಗಳ ನಡುವೆ ಜನ ಕಡಲಿಗೆ ಹೋಗಲು ಕನಿಷ್ಠ 20 ಮೀಟರ್ ಅಗಲದ ದಾರಿ ಬಿಡಬೇಕೆಂದೂ ಹೇಳಿತು. ಒಳ್ಳೆಯ ಮಾತೇ. ಆದರೆ ಈ 20 ಮೀಟರಿನ ಲೆಕ್ಕ ಹೋಟೆಲಿನವರಿಗೆ; ನೌಕಾನೆಲೆಗೆ, ಬಂದರಿಗೆ ಅಲ್ಲ. ಕಾರವಾರದ ದಂಡೆಯನ್ನು ಕಿರಿದು ಮಾಡಿದ್ದು ಹೋಟೆಲುಗಳಂತೂ ಅಲ್ಲವಲ್ಲ!

ಆದ್ದರಿಂದಲೇ ಸಾಗರಮಾಲಾ ಯೋಜನೆಯಡಿ ಬಂದರು ವಿಸ್ತರಣೆಗೆಂದು ಇದೇ ದಂಡೆಯ ಬದಿಯಲ್ಲಿ ಅಲೆತಡೆ ಗೋಡೆಯ ಕೆಲಸಕ್ಕೆ ಕೈಹಾಕಿದಾಗ, 2020ರ ಜನವರಿಯಲ್ಲಿ ಮೀನುಗಾರರು ಬೀದಿಗಿಳಿದರು, ಪೇಟೆಯೂ ಜೊತೆಗೂಡಿತು. ಅದೇ ತಿಂಗಳು ಹೈಕೋರ್ಟ್ ಕಾಮಗಾರಿಗೆ ತಡೆ ನೀಡಿತು.

ಗೋಡೆಯೊಂದರಿಂದ ಏನಾದೀತು ಎನ್ನುವವರು ರಾಂಪಣಿ ಎಳೆಯುವುದನ್ನೊಮ್ಮೆ ನೋಡಬೇಕು. ದೋಣಿಯವರು ಬಲೆಯ ಒಂದು ಹಗ್ಗವನ್ನು ದಡದವರ ಕೈಗಿತ್ತು ಕಡಲಿಗಿಳಿಯುತ್ತಾರೆ. ಬಲೆ ಬಿಡುತ್ತ ದೊಡ್ಡ ಅರ್ಧಚಂದ್ರ ಸುತ್ತಿ, ದೂರದಲ್ಲಿ ಮತ್ತೆ ದಡ ಸೇರುತ್ತಾರೆ. ಆಮೇಲೆ ಎರಡು ಸಾಲು ಜನ, ಮರಳಿಗೆ ಕಾಲೂರಿ, ಕೂಗು ಹಾಕುತ್ತ ಎಳೆಯಬೇಕು. ನಡುವೆ ಕಲ್ಲು ಸಿಕ್ಕರೆ ಬಲೆ ಹರಿಯಿತು. ದಂಡೆ ಗಿಡ್ಡವಾದರೆ ಸಾಲುಗಳಿಗೆ ನಿಲ್ಲಲು ಜಾಗವಿಲ್ಲ. ಬಲೆ ದಡ ಮುಟ್ಟುವ ಹೊತ್ತಿಗೆ ಬುಟ್ಟಿ ಹಿಡಿದ ಹೆಂಗಸರು ಆಗಲೇ ಬಂದು ಕಾಯುತ್ತಿರುತ್ತಾರೆ.