ಕುದುರೆ ಏರಿ ಹೋದವರು

ದಂಡಿಗನಹಳ್ಳಿ ಹೋಬಳಿಯ ತೆಂಗಿನ ತೋಟ, ರಾಗಿ ಹೊಲಗಳ ನಡುವೆ ಓಡಾಡುವವರಿಗೆ ವೀರಗಲ್ಲು ಹೊಸದೇನಲ್ಲ. ಚನ್ನರಾಯಪಟ್ಟಣ ಸೀಮೆಯಲ್ಲಿ ಕೆರೆ ಏರಿಯ ಕೆಳಗೋ ಗುಡಿಯ ಮಗ್ಗುಲಲ್ಲೋ ಒಂದು ಕಣ್ಣಿಗೆ ಬೀಳುವುದುಂಟು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕೈಹಿಡಿದು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕುಳಿತ ಅವನೇ. ಎಮ್ಮೆ ಬಂದು ಮೈ ಉಜ್ಜಿಕೊಂಡರೂ ಅವನದೇನೂ ತಕರಾರಿಲ್ಲ.

ಇದೇ ತಾಲ್ಲೂಕಿನ ಶ್ರವಣಬೆಳಗೊಳದ 10ನೇ ಶತಮಾನದ ಕಲ್ಲೊಂದರಲ್ಲಿ ಕುದುರೆ ಏರಿರುವವಳು ಹೆಂಗಸು. ಗಂಡನ ಜೊತೆ ಬಗೆಯೂರಿನ ಕಾಳಗಕ್ಕೆ ಹೋಗಿ ಮಡಿದ ಸಾವಿಯಬ್ಬೆ. ಕತ್ತಿ ಎತ್ತಿದ್ದಾಳೆ, ಎದುರಿಗಿರುವುದು ಆನೆ!

ಈ ಕಲ್ಲುಗಳಲ್ಲಿ ಬರಹವಿದ್ದರೆ ಸತ್ತವನ ಹೆಸರಿನ ಜೊತೆಗೆ ಸತ್ತ ಕಾರಣವೂ ಸಿಗುತ್ತದೆ. ಹೊಡೆದುಕೊಂಡು ಹೋದ ತುರುಗಳನ್ನು ಬಿಡಿಸಲು, ಊರು ಉಳಿಸಲು, ಗಡಿ ಕಾಯಲು. ಓದಿದವನಿಗೆ ಲೆಕ್ಕ ಸರಿಹೋಗುತ್ತದೆ.

ಮೈಸೂರು ಲ್ಯಾನ್ಸರ್ಸ್‌ನ ಹುಡುಗರದು ಹಾಗಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಈ ಕುದುರೆ ಪಡೆ ಮೊದಲ ಮಹಾಯುದ್ಧಕ್ಕೆ ಕಡಲು ದಾಟಿತು. ಸೂಯೆಜ್ ಕಾಲುವೆ ಕಾಯ್ದು, ಪ್ಯಾಲೆಸ್ಟೈನ್‌ಗೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ತುರ್ಕರ ಕೈಯಲ್ಲಿದ್ದ ಹೈಫಾ ಪಟ್ಟಣದ ಮೇಲೆ ಜೋಧಪುರದ ಸವಾರರು ನೇರ ನುಗ್ಗಿದರೆ, ಮೈಸೂರಿನ ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಫಿರಂಗಿಗಳ ಮೇಲೆ ಬಿತ್ತು. ಮೆಷಿನ್ ಗನ್‌ಗಳ ಎದುರು ಭರ್ಜಿ, ಕತ್ತಿ. ಅಂದು ಸತ್ತ ಸವಾರರು 8, ಗಾಯಗೊಂಡವರು 34. ಸತ್ತ ಕುದುರೆಗಳು 60. ಸೆರೆ ಸಿಕ್ಕ ಎದುರಾಳಿಗಳು 1,350. ಪಟ್ಟಣವೇನೋ ಗೆದ್ದರು. ಆದರೆ ಮೈಸೂರು ಸೀಮೆಯ ಹುಡುಗನಿಗೂ ತುರ್ಕರಿಗೂ ಯಾವ ಹೊಲದ ಬದುವಿನ ಜಗಳವಿತ್ತು?

ಬೆಂಗಳೂರಿನ ಜೆ.ಸಿ. ನಗರದಲ್ಲಿ ಈ ಪಡೆಯ ಸ್ಮಾರಕವಿದೆ. ಆ ಕಡೆಯಿಂದ ದಿನವೂ ಹಾದುಹೋಗುವವರು ಟ್ರಾಫಿಕ್ ನೋಡುತ್ತಾರೆಯೇ ಹೊರತು ಕಂಬವನ್ನಲ್ಲ. ಅವರನ್ನು ದೂರುವಂತೆಯೂ ಇಲ್ಲ. ದೆಹಲಿಯ ತೀನ್ ಮೂರ್ತಿ ಚೌಕದಲ್ಲಿ ಜೋಧಪುರ, ಹೈದರಾಬಾದಿನವರ ಜೊತೆ ಮೈಸೂರಿನ ಸವಾರನೂ 1922ರಿಂದ ಪ್ರತಿಮೆಯಾಗಿ ನಿಂತಿದ್ದಾನೆ. ಬಹುಕಾಲ ಅದು ನೆಹರೂ ಮನೆಯ ಗುರುತಾಗಿತ್ತು. 2018ರಲ್ಲಿ ಚೌಕದ ಹೆಸರಿಗೆ ಹೈಫಾ ಸೇರಿದ್ದು ಇಸ್ರೇಲಿನ ಪ್ರಧಾನಿ ಬಂದಾಗ. ಪಡೆಯಂತೂ 1953ರ ಹೊತ್ತಿಗೆ ಜೈಪುರದ 61ನೇ ಅಶ್ವದಳದಲ್ಲಿ ಕರಗಿತ್ತು. ಈಗಲೂ ಸೆಪ್ಟೆಂಬರ್ 23ನ್ನು ಅಲ್ಲಿನ ಸವಾರರು ಆಚರಿಸುತ್ತಾರೆ.